ತಿರುಮಕೂಡಲಿನ ಮಣ್ಣು ನುಡಿವ ಸತ್ಯ

ಉಳ್ಳವರು, ಇಲ್ಲದವರು ಎಂಬ ಭೇದವು ಮಾನವಕುಲದೊಡನೆಯೇ ಹುಟ್ಟಿತೆಂದು ಅನೇಕರು ಭಾವಿಸುವುದುಂಟು. ವಾಚಕ ಮಹಾಶಯರೇ, ಇದು ದಿಟವೇ ಎಂಬುದನ್ನು ಪರಾಮರ್ಶಿಸಲು ದೂರ ಹೋಗಬೇಕಾಗಿಲ್ಲ. ನಂಜನಗೂಡಿನ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೆ ಬಂದರೆ ಸಾಕು.

1959-60 ಮತ್ತು 1961-62ರಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಇಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನವಸತಿಯೊಂದು ಬೆಳಕಿಗೆ ಬಂದಿತು. ನಯಗೊಳಿಸಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ಮಡಕೆಗಳೊಡನೆ ಹೂಳಿದ ಮಾನವ ಅಸ್ಥಿಪಂಜರ ಮುಂತಾದುವು ದೊರೆತುವು. ಅರಮನೆಯ ಕುರುಹಾಗಲಿ, ಕೋಟೆಯ ಕುರುಹಾಗಲಿ ಅಲ್ಲಿಲ್ಲ.

ಹಾಗಾದರೆ ಭೇದವು ಎಲ್ಲಿಂದ ಬಂದಿತು? ಬೇಟೆಗಾರನು ಮಾಂಸವನ್ನು ಬಹುಕಾಲ ಕೂಡಿಡಲಾರ. ಹಂಚಿ ತಿನ್ನುವುದೇ ಅವನಿಗೆ ಕ್ಷೇಮ. ಕಾಳು, ದನಗಳ ರೀತಿ ಬೇರೆ. ಕರ್ನಾಟಕದ ನವಶಿಲಾಯುಗದ ಜನರು ಹುರುಳಿ, ಹೆಸರು ಬೆಳೆದರು, ದನ ಸಾಕಿದರು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಅವರ ಹಟ್ಟಿಗಳ ಸಗಣಿ ಸುಟ್ಟು ಉಳಿದವು. ಒಬ್ಬನ ಮಂದೆ ಹೆಚ್ಚಿತು, ಮತ್ತೊಬ್ಬನದು ಬರಗಾಲದಲ್ಲಿ ಅಳಿಯಿತು ಎನ್ನಿ. ಇಲ್ಲದವನು ಉಳ್ಳವನ ಬಾಗಿಲಿಗೆ ಬರುವನು. ಆದರೆ ಇಷ್ಟರಿಂದಲೇ ವರ್ಗ ಹುಟ್ಟದು. ತಂದೆಯ ಮಂದೆ ಮಗನಿಗೆ, ತಂದೆಯ ಸಾಲವೂ ಮಗನಿಗೆ ಎಂಬ ಕಟ್ಟಳೆ ನಿಂತಾಗಲೇ ತಾತ್ಕಾಲಿಕ ಕಷ್ಟವು ಹುಟ್ಟಿನ ಸ್ಥಿತಿಯಾಗುವುದು.

ಮುಂದೆ ಕಬ್ಬಿಣ ಬಂದಿತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳು ದೊರೆತುವು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥ ಕಲ್ಮನೆಗಳು ನೂರಾರು. ಚಪ್ಪಡಿಗಳನ್ನು ಸಾಗಿಸಿ ನಿಲ್ಲಿಸಲು ಹಲವರ ದುಡಿಮೆ ಬೇಕು. ಸತ್ತವರೆಲ್ಲರಿಗೂ ಅದು ದಕ್ಕಿರಲಾರದು. ಬಲ್ಗೇರಿಯದ ವಾರ್ನಾದಲ್ಲಿ 1972ರಲ್ಲಿ ಪತ್ತೆಯಾದ, ಆರು ಸಾವಿರ ವರ್ಷಕ್ಕೂ ಹಳೆಯ ಸ್ಮಶಾನದಲ್ಲಿ ಒಬ್ಬನ ಗೋರಿಯೊಳಗೆ ರಾಶಿ ಚಿನ್ನವಿದ್ದರೆ ಹಲವರ ಗೋರಿಗಳಲ್ಲಿ ಏನೇನೂ ಇಲ್ಲ. ನೆಲ ಬೇರೆ, ಕಥೆ ಅದೇ.

ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗುವ ವೇಳೆಗೆ ಭೂಮಿಯ ಒಡೆತನ ತಾಮ್ರಪಟಗಳಲ್ಲಿ ಬರೆಯಲ್ಪಡುತ್ತಿತ್ತು. ಕಣಜದಲ್ಲಿ ಮೊಳೆತುದು ಶಾಸನವಾಯಿತು.

ಮಾನವನ ಲಕ್ಷಾಂತರ ವರ್ಷಗಳ ಬಾಳಿನಲ್ಲಿ ಈ ಭೇದದ ವಯಸ್ಸು ಅತ್ಯಲ್ಪ. ಅದು ಪ್ರಕೃತಿದತ್ತವಲ್ಲ, ಮನುಷ್ಯಕೃತ. ಕಟ್ಟಳೆಯನ್ನು ಮಾಡಿದ ಕೈಗೆ ಅದನ್ನು ತಿದ್ದುವ ಅಧಿಕಾರವೂ ಹೊಣೆಯೂ ಉಂಟೆಂಬುದನ್ನು ತಾವು ಮನಗಾಣಬೇಕು.