ಹೋಟೆಲಿನಾಗ ಯಾರಿಗೆ ಎಲ್ಲಿ ಜಾಗ

ಊಟ ಮಾರುವ ಅಂಗಡಿಗಳ ಚರಿತ್ರೆ ಬರೀಬೇಕಂದ್ರ ಅಡುಗೆಯಿಂದ ಸುರು ಮಾಡಬಾರದು, ಬೋರ್ಡಿನಿಂದ ಸುರು ಮಾಡಬೇಕು. ನಮ್ಮ ಅಕ್ಕಲಕೋಟ-ಸೋಲಾಪುರ ಸೀಮೆಯಾಗ ನಾನು ಅಕ್ಷರ ಕೂಡಿಸಿ ಓದಾಕ ಕಲಿತಾಗ ಸಾಲಿ ಪುಸ್ತಕದಷ್ಟ ಹೋಟೆಲಿನ ಬೋರ್ಡೂ ಓದೀನಿ. ಬ್ರಾಹ್ಮಣರ ಹೋಟೆಲ್, ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳ, ಸಾವಜಿ ಖಾನಾವಳಿ. ಕೆಲವು ಕನ್ನಡದಾಗ, ಕೆಲವು ಮರಾಠಿಯಾಗ. ಇದು 1970ರ ಆಸುಪಾಸಿನ ಮಾತು. ಈಗಿನ ಹುಡುಗರಿಗೆ ಇದು ಬರೀ ಜಾತಿಯ ಸೊಕ್ಕು ಅಂತ ಕಾಣತದ. ಸೊಕ್ಕು ಇತ್ತು, ಇಲ್ಲ ಅನ್ನಂಗಿಲ್ಲ. ಆದರ ಪರ ಊರಿಂದ ಬಂದ ಗಿರಾಕಿಗೆ ಆ ಬೋರ್ಡು ಎರಡು ಸುದ್ದಿ ಹೇಳತಿತ್ತು: ಒಳಗ ಒಲಿ ಮುಂದ ಯಾರು ಅದಾರ, ಹೊರಗಿನವರಾಗ ಯಾರು ಒಳಗ ಕೂಡಬಹುದು.

ಹಳ್ಳಿಯಾಗ ಇದ್ದಾಗ ಊಟ ಮಾರುವ ಪ್ರಶ್ನೆ ಇರಲಿಲ್ಲ. ಬುತ್ತಿ ಕಟಗೊಂಡು ಹೋಗತಿದ್ರು, ಇಲ್ಲಾ ಬೀಗರ ಮನಿಯಾಗ ಉಣತಿದ್ರು. 1877ರಾಗ ಸೋಲಾಪುರದಾಗ ಬಟ್ಟಿ ಗಿರಣಿ ಸುರು ಆದ ಮ್ಯಾಲೆ ಸುತ್ತಿನ ಹಳ್ಳಿಯ ಕನ್ನಡದವರು, ಮರಾಠಿಯವರು, ತೆಲುಗು ನೇಕಾರರು ಎಲ್ಲಾ ಒಂದು ಊರಾಗ ಬಂದು ಬಿದ್ರು. ಹೆಂಡತಿ ಮಕ್ಕಳನ್ನ ಬಿಟ್ಟು ಬಂದವನಿಗೆ ಎರಡು ಹೊತ್ತಿನ ರೊಟ್ಟಿ ಬೇಕಲ್ಲ? ಖಾನಾವಳಿ ಹುಟ್ಟಿದ್ದು ಈ ಹಸಿವಿನಿಂದ. ತಿಂಗಳ ಲೆಕ್ಕದ ಊಟ, ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಕಾಳಿನ ಪಲ್ಯ. ಬಹಳ ಕಡೆ ಅದನ್ನು ನಡೆಸಿದವರು ಹೆಂಗಸರು. ಮುಂಬೈಯ ಗಿರಣಗಾವದಾಗ ಇಂಥ ಹೆಂಗಸರನ್ನ ಕೂಡಿಸಿ ಪ್ರೇಮಾ ಪುರವ ಅವರು 1975ರಾಗ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅಲ್ಲೀ ತನಕ ಚರಿತ್ರೆ ಬರಿಯೋರು ಗಿರಣಿಯ ಚಿಮಣಿ ನೋಡಿದ್ರು, ಗಿರಣಿ ಆಳಿಗೆ ರೊಟ್ಟಿ ಬಡಿದವಳನ್ನ ನೋಡಿರಲಿಲ್ಲ.

ಖಾನಾವಳಿ ತನ್ನ ಮಂದಿಗೆ. ಎಲ್ಲಾ ಮಂದಿಗೆ ಬಾಗಿಲ ತೆಗೆದಿದ್ದು ಉಡುಪಿ ಹೋಟೆಲು ಅಂತ ಹೇಳೋದು ವಾಡಿಕಿ. ಅದು ಅರ್ಧ ಖರೆ. ಬೆಂಗಳೂರಿನ ಎಂ.ಟಿ.ಆರ್. ಹೆಸರು ನೀವು ಕೇಳೀರಿ. ಯಜ್ಞನಾರಾಯಣ ಮಯ್ಯ ಮತ್ತು ಅಣ್ಣತಮ್ಮಂದಿರು 1924ರಾಗ ಅದನ್ನ ಸುರು ಮಾಡಿದಾಗ ಹೆಸರು ಏನಿತ್ತು? ಬ್ರಾಹ್ಮಿನ್ ಕಾಫಿ ಕ್ಲಬ್. 1960ರಾಗ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿ ಹೋಗಿ ಓಣಿಯ ಹೆಸರು ಬಂತು. ಮದ್ರಾಸಿನಾಗ ಇಷ್ಟು ಸುಲಭ ಆಗಲಿಲ್ಲ. ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಬೋರ್ಡಿನ ಮ್ಯಾಲೆ ಇದ್ದ 'ಬ್ರಾಹ್ಮಣ' ಅನ್ನೋ ಶಬ್ದ ತೆಗೀಬೇಕಂತ 1957ರಾಗ ಪೆರಿಯಾರ್ ಅವರ ಮಂದಿ ದಿನಾ ಹೋಗಿ ನಿಂತರು, ಜೇಲಿಗೆ ಹೋದರು. ಒಂದು ಶಬ್ದಕ್ಕ ಇಷ್ಟು ಗದ್ದಲ ಯಾಕ ಅಂತ ಕೇಳಬ್ಯಾಡ್ರಿ. ಆ ಶಬ್ದ ಓದಿ ಬಾಗಿಲಿನಿಂದ ಹೊಳ್ಳಿ ಹೋದವನನ್ನ ಕೇಳ್ರಿ.

ಕಾಯದೆ ಅಷ್ಟೊತ್ತಿಗೆ ಬಂದಿತ್ತು. ಬಾಬಾಸಾಹೇಬ ಅಂಬೇಡ್ಕರರ ಮುಂದಾಳತನದಾಗ ಬರೆದ ಸಂವಿಧಾನದ 15ನೇ ಕಲಮಿನಾಗ ಅಂಗಡಿ, ಹೋಟೆಲು, ಬಾವಿ, ಕೆರಿ ಇವುಗಳಿಗೆ ಜಾತಿಯ ಕಾರಣಕ್ಕ ಯಾರಿಗೂ ಅಡ್ಡಿ ಮಾಡಬಾರದು ಅಂತ ಅದ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯದೆ ಇನ್ನೂ ಒಂದು ಹೆಜ್ಜಿ ಮುಂದ ಹೋಯಿತು. ಹೋಟೆಲಿನಾಗ ಮಂದಿ ಸಲುವಾಗಿ ಇಟ್ಟ ಪಾತ್ರಿ ಪಗಡಿ ಬಳಸಾಕ ಅಡ್ಡಿ ಮಾಡಿದವನಿಗೆ ಆರು ತಿಂಗಳ ತನಕ ಜೇಲು, ಇಲ್ಲಾ 500 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಪಾತ್ರಿ ಅಂತ ಬಿಡಿಸಿ ಬರೆದವರು ಯಾರೋ, ಹಳ್ಳಿ ಚಾದಂಗಡಿ ಕಣ್ಣಾರೆ ಕಂಡವರ ಇರಬೇಕು.

ಯಾಕಂದ್ರ ಆಟ ಇದ್ದದ್ದ ಅಲ್ಲಿ. ನಮ್ಮ ಕಡೆ ಚಾದಂಗಡಿಗೆ ಬೋರ್ಡು ಇರಲಿಲ್ಲ, ಬೇಕೂ ಇರಲಿಲ್ಲ. ಎಲ್ಲಾರಿಗೂ ಎಲ್ಲಾರೂ ಗೊತ್ತು. ಒಳಗ ಬಾಕಿನ ಮ್ಯಾಲೆ ಕುಂತವರಿಗೆ ಕಪ್ಪು-ಬಸಿ. ಕೇರಿಯವರಿಗೆ ಹೊರಗ ಚಪ್ಪರದ ಗಳಕ್ಕ ಸಿಗಿಸಿದ ಕಿವಿ ಮುರಿದ ಕಪ್ಪು. ತಾವ ತಕ್ಕೋಬೇಕು, ತಾವ ತೊಳೀಬೇಕು, ಮ್ಯಾಲಿಂದ ಸುರುವಿದ್ದನ್ನ ಕುಡೀಬೇಕು, ಮತ್ತ ತೊಳೆದು ಅಲ್ಲೇ ಸಿಗಿಸಬೇಕು. ರೊಕ್ಕ ಮಾತ್ರ ಸಮ. ರೊಕ್ಕಕ್ಕ ನೀರು ಚಿಮುಕಿಸಿ ಗಲ್ಲೆಗೆ ಹಾಕಿದವರನ್ನೂ ನೋಡೀನಿ.

ನಮ್ಮ ಗೀಗೀ ಮೇಳದಾಗ ತುಂತುಣಿ ಬಾರಿಸುವಾತ ಕೇರಿಯವ, ನನಗಿಂತ ಹಿರಿಯ, ನಾನು ಕಾಕಾ ಅಂತೀನಿ. ರಾತ್ರಿ ಎಲ್ಲಾ ನಾನು ಎತ್ತಿಕೊಟ್ಟ ಪದಕ್ಕ ಆತ 'ಜೀ' ಹಿಡೀತಿದ್ದ. ಬೆಳಗ ಆದ ಕೂಡಲೆ ಚಾದಂಗಡಿಯಾಗ ನಾವು ನಾಲ್ಕು ಮಂದಿ ಒಳಗ, ಆತ ಹೊರಗ. 1980ರ ಸುಮಾರಿಗೆ ಒಂದು ಜಾತ್ರಿ ಮುಗಿಸಿ ಬರುವಾಗ ಕಾಕಾ ಆ ಗಳದ ಕಪ್ಪಿಗೆ ಕೈ ಹಚ್ಚಲಿಲ್ಲ. ಚೀಲದಾಗಿಂದ ತನ್ನ ಹಿತ್ತಾಳಿ ಲೋಟ ತೆಗೆದು ಮುಂದ ಹಿಡಿದ. "ಇದರಾಗ ಸುರುವಪ್ಪಾ, ನಿನ್ನ ಕಪ್ಪು ನೀನ ತೊಳಕೋ" ಅಂದ. ಅಂಗಡಿಯವ ಸಿಟ್ಟಿಗೆ ಬಂದ, ಆದರ ಸುರುವಿದ. ಮೇಳ ಪೂರಾ ಎದ್ದು ಹೊರಗ ಬಂದು ಆತನ ಬಾಜು ನಿಂತ ಚಾ ಕುಡಿದ್ವಿ. ಮುಂದ ಮೂರು-ನಾಲ್ಕು ವರ್ಷ ನಾವು ಎಲ್ಲಾರೂ ಲೋಟ ಹೊತಗೊಂಡ ತಿರಗ್ಯಾಡೀವಿ.

ಆ ಗಳದ ಕಪ್ಪು ಕಡೀಕೆ ಹೋಗಿದ್ದು ಹೆಂಗ? ಕಾಯದೆಯ ಅಂಜಿಕಿ ಸ್ವಲ್ಪ. ಸೋಲಾಪುರದ ಸ್ಟ್ಯಾಂಡಿನ ಹೋಟೆಲಿನಾಗ ಯಾರನ್ನೂ ಯಾರೂ 'ನೀವ್ಯಾರವರು' ಅಂತ ಕೇಳತಿರಲಿಲ್ಲ, ಅಲ್ಲಿ ಕುಂತು ಉಂಡು ಬಂದ ಕೇರಿಯ ಹುಡುಗರು ಊರಾಗ ಹೊರಗ ನಿಲ್ಲಾಕ ಒಪ್ಪಲಿಲ್ಲ, ಇದು ಬಹಳ. ಮೂರನೇದು ಯಾರೂ ಬರೆಯದ ಕಾರಣ: ಪ್ಲಾಸ್ಟಿಕ್ಕಿನ ಕಪ್ಪು ಬಂತು, ಆಮ್ಯಾಲೆ ಕಾಗದದ್ದು. ಕುಡಿದು ಎಲ್ಲಾರೂ ಒಗೆಯೋದು. ಹಿಂಗಾಗಿ ಯಾವ ಅಂಗಡಿಯವನೂ ತಪ್ಪು ಒಪ್ಪಲಿಲ್ಲ, ಯಾರೂ ಕೈ ಮುಗಿದು ಕ್ಷಮಾ ಕೇಳಲಿಲ್ಲ, ಜಗಳ ತಾನ ಮುಗಿಯಿತು. ಮುಗಿದದ್ದು ಛಲೋ ಆತು. ಮುಗಿದ ರೀತಿ ನನ್ನ ಮನಸಿಗೆ ಬರಲಿಲ್ಲ.

ಈ ಕಾಗದದ ಕಪ್ಪಿನ ಮೂಲ ಹುಡುಕಿದರ ಅಮೆರಿಕಾಕ್ಕ ಹೋಗತದ. ಅಲ್ಲಿ ಸ್ಯಾನ್ ಬರ್ನಾರ್ಡಿನೋ ಅನ್ನೋ ಊರಾಗ ಮೆಕ್‌ಡೊನಾಲ್ಡ್ ಅಂತ ಅಣ್ಣತಮ್ಮ 1940ರಾಗ ಹೋಟೆಲು ತೆಗೆದರು. 1948ರಾಗ ಅದನ್ನ ಬಂದ್ ಮಾಡಿ ಪೂರಾ ಬದಲಿಸಿದರು. ಮೋಟಾರ ತನಕ ತಿಂಡಿ ಒಯ್ಯುವ ಹುಡುಗ್ಯಾರನ್ನ ತೆಗೆದರು, ಪಿಂಗಾಣಿ ತಾಟು ಚಮಚ ತೆಗೆದರು, ಕಾಗದ ತಂದರು, ಗಿರಾಕಿ ತಾನ ಕಿಡಕಿಗೆ ಬಂದು ತಗೊಂಡು ಹೋಗಬೇಕು ಅಂದರು. ಅವರಿಗೆ ಬೇಕಾಗಿದ್ದು ಸಮಾನತೆ ಅಲ್ಲ, ತೊಳೆಯುವ ಖರ್ಚು ಉಳಿಸೋದು. ರೇ ಕ್ರಾಕ್ ಅಂತ ಹಾಲಿನ ಪಾನಕ ಮಾಡುವ ಯಂತ್ರ ಮಾರುವವ ಇದನ್ನ ನೋಡಿ 1955ರಾಗ ಅವರ ಹೆಸರಿನ ತನ್ನ ಮೊದಲನೇ ಅಂಗಡಿ ತೆಗೆದ, 1961ರಾಗ ಆ ಹೆಸರನ್ನ ಪೂರಾ ಕೊಂಡ.

ಇದಕ್ಕ ಫ್ರಾಂಚೈಸಿ ಅಂತಾರ. ನಮ್ಮ ಭಾಷೆಯಾಗ ಹೇಳಬೇಕಂದ್ರ ಪಾಲಿನ ಹೊಲದ ಹಂಗ, ಆದರ ಉಲ್ಟಾ. ಬಂಡವಾಳ ನಿಮ್ಮದು, ಆಳು ನಿಮ್ಮವು. ಬೀಜ, ಬಿತ್ತುವ ರೀತಿ, ಹೊಲದ ಹೆಸರು ಅವರದು. ಪಾಲು ಮಾತ್ರ ಅವರಿಗೆ ತಪ್ಪದ ಕೊಡಬೇಕು.

ಆ ದೇಶದಾಗೂ ಯಾರು ಕೂಡಬೇಕು ಅನ್ನೋ ಜಗಳ ಇತ್ತು. ಊರೂರಿಗೆ ಒಂದರಂಗ ಇದ್ದ ವುಲ್‌ವರ್ತ್ ಅಂಗಡಿಗಳು ಕರಿಯರಿಗೆ ಸಾಮಾನು ಮಾರತಿದ್ವು, ದಕ್ಷಿಣದ ಊರಾಗ ಅವರನ್ನ ತಿಂಡಿ ಕಟ್ಟಿಯ ಮುಂದ ಕೂಡಗೊಡತಿರಲಿಲ್ಲ. 1960ರ ಫೆಬ್ರವರಿ 1ಕ್ಕ ಗ್ರೀನ್ಸ್‌ಬರೋ ಊರಿನಾಗ ನಾಲ್ಕು ಮಂದಿ ಕಾಲೇಜ ಹುಡುಗರು ಹೋಗಿ ಕುಂತರು, ಕಾಫಿ ಕೇಳಿದರು, ಕೊಡಲಿಲ್ಲ, ಏಳಲೂ ಇಲ್ಲ. ಜುಲೈ ತಿಂಗಳಾಗ ಆ ಅಂಗಡಿ ಸೋತಿತು. ನಮ್ಮ ಸಾಲಿ ಮಾಸ್ತರು ಇದನ್ನ ಹೇಳಿದಾಗ ನನಗ ಕಾಕಾನ ಹಿತ್ತಾಳಿ ಲೋಟ ನೆನಪಾತು.

ಇಂಥ ವಿದೇಶಿ ಹೆಸರಿನ ಅಂಗಡಿ ನಮ್ಮ ಕಡೆ ಬಂದಾಗ ಜಗಳ ಬ್ಯಾರೆ ಇತ್ತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಾಗ 1995ರಾಗ ಕೆಂಟಕಿ ಕೋಳಿ ಅಂಗಡಿ ತೆಗೆದರು. 1996ರ ಜನವರಿ 30ಕ್ಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಹೋಗಿ ಅದರ ಗಾಜು ಒಡೆದರು. ಗಾಜು ಒಡೆಯೋದು ನನಗ ಸೇರಂಗಿಲ್ಲ. ಆದರ ಮಂದಿ ತಿನ್ನೋ ಕಾಳು ಕೋಳಿಗೆ ಹೋದರ, ಏನು ಬೆಳೀಬೇಕಂತ ಕಂಪನಿ ಹೇಳಿದರ ರೈತನ ಗತಿ ಏನು ಅನ್ನೋ ಪ್ರಶ್ನೆ ರೈತನಾದ ನನಗ ಇನ್ನೂ ಹಳೇದಾಗಿಲ್ಲ. ಅದೇ ವರ್ಷ ಮೆಕ್‌ಡೊನಾಲ್ಡ್ ದಿಲ್ಲಿಗೆ ಬಂತು. ಅವರು ಗಿರಾಕಿಯ ನಾಡಿ ಹಿಡಿದು ಬಂದವರು: ದನದ ಮಾಂಸ ಇಲ್ಲ, ಹಂದಿ ಇಲ್ಲ, ತತ್ತಿ ಇಲ್ಲದ ಬಿಳೇ ಸಾರು, ಬಟಾಟಿ ಟಿಕ್ಕಿ, ಕಾಯಿಪಲ್ಲೆಗೆ ಬ್ಯಾರೆ ಒಲಿ. ಹಳೇ ಬೋರ್ಡಿನ ಎರಡು ಸುದ್ದಿಯಾಗ ಒಂದು ಹೋತು, ಒಂದು ಉಳೀತು ನೋಡ್ರಿ. ಯಾರು ಕೂಡಬೇಕು ಅನ್ನೋದು ಹೋತು. ಒಲಿ ಮುಂದ ಏನು ನಡದದ ಅನ್ನೋದು ಹಸಿರು ಚುಕ್ಕಿಯಾಗಿ ಉಳೀತು.

ನನ್ನ ಮಗಳ ಮಗ ಪುಣೆಯಾಗ ಇಂಥದ ಒಂದು ಅಂಗಡಿಯಾಗ ಕೆಲಸಕ್ಕ ಅದಾನ. ಎಲ್ಲಾರಿಗೂ ಒಂದ ಮಾತು ಆಡಬೇಕು ಅಂತ ಕಲಿಸ್ಯಾರ: ನಮಸ್ಕಾರ, ಏನು ಬೇಕು, ಹೇಳಿದ್ದನ್ನ ಹೊಳ್ಳಿ ಓದು, ಇನ್ನೇನರ ಬೇಕೇನು. ಗಿರಾಕಿಗಳು ಮಾತ್ರ ಒಂದ ಥರ ಇಲ್ಲ. ಒಂದು ಕಾಫಿ ಮ್ಯಾಲೆ ಮೂರು ತಾಸು ಕೂಡುವ ಕಾಲೇಜಿನವರು. ಉಳ್ಳಾಗಡ್ಡಿ ಬೆಳ್ಳೊಳ್ಳಿ ಬ್ಯಾಡ ಅನ್ನುವ ಜೈನರು. ಏಕಾದಶಿ ದಿನ ಮಕ್ಕಳಿಗೆ ಕೊಡಿಸಿ ತಾವು ನೀರು ಕುಡಿಯುವ ಮುದುಕರು. ಗಾಜಿನ ಫಲಕ ಒತ್ತಿ ಊಟ ಹೇಳಬೇಕಂದ್ರ, "ಇಲ್ಲಿ ಮನಷ್ಯಾರು ಯಾರೂ ಇಲ್ಲೇನಪ್ಪಾ?" ಅಂತ ಕೇಳಿದ ಇಂಡಿ ಕಡೆಯ ಒಬ್ಬ ಅಜ್ಜಿ. ಆಕಿಗೆ ಇಂವ ಕನ್ನಡದಾಗ ಉತ್ತರ ಕೊಟ್ಟಾಗ, ಆಕಿ ತಿಂಡಿ ಮರೆತು ಇವನ ಊರು, ಹೆಸರು, ಯಾರ ಮಗ ಅಂತ ಕೇಳಾಕ ಹತ್ತಿದಳಂತ. ಹಿಂದ ಸಾಲು ಬೆಳೀತು, ಮ್ಯಾನೇಜರ ನೋಡಿದ. ಹುಡುಗ ಅಂತಾನ, "ಅಜ್ಜಾ, ಆಕಿ ಕೇಳಿದ್ದು ಜಾತಿ ಅಲ್ಲ, ಬಳಗ."

ಸಾಲು ಒಂದ, ಕಪ್ಪು ಒಂದ. ಆದರ ಹೊರಗ ನಿಲ್ಲುವವರು ಇನ್ನೂ ಅದಾರ. ಮೋಟಾರ ಸೈಕಲ್ ಮ್ಯಾಲೆ ಮನಿಮನಿಗೆ ಊಟ ಒಯ್ಯುವ ಹುಡುಗರು ಬಾಗಿಲ ಬಾಜು ನಿಂತ ಪೊಟ್ಟಣ ಕಾಯತಾರ, ಅವರಿಗೆ ಕುರ್ಚಿ ಇಲ್ಲ ಅಂತ ಮೊಮ್ಮಗ ಹೇಳಿದ. ಆಮ್ಯಾಲೆ ದರದ ಗೋಡೆ. ಆ ಗೋಡೆಗೆ ಬೋರ್ಡು ಬೇಕಾಗಿಲ್ಲ, ಜ್ವಾಳ ಮಾರಿ ಬಂದವ ದರದ ಪಟ್ಟಿ ನೋಡಿ ತಾನ ಹೊಳ್ಳತಾನ.

ನಮ್ಮ ತಾಲೂಕಿನಾಗ ಈಗ ಜಾತಿ ಹೆಸರಿನ ಬೋರ್ಡು ಕಡಿಮಿ. ದೇವರ ಹೆಸರು, ಮಕ್ಕಳ ಹೆಸರು ಬಂದಾವ. ಹಳೇ ತಗಡಿನ ಬೋರ್ಡು ಯಾರ ಮನಿ ಅಟ್ಟದ ಮ್ಯಾಲೆ, ದನದ ಕೊಟ್ಟಿಗಿ ಗ್ವಾಡಿಗೆ ಉಳಿದಿದ್ದರ ಗುಜರಿಗೆ ಹಾಕಬ್ಯಾಡ್ರಿ, ವಾಚನಾಲಯಕ್ಕ ತಂದು ಕೊಡ್ರಿ. ಕಿವಿ ಮುರಿದ ಕಪ್ಪು ಇದ್ದರ ಅದನ್ನೂ ಕೊಡ್ರಿ. ಕಾಕಾ ತನ್ನ ಲೋಟ ಕೊಡತೀನಿ ಅಂದಾನ. ಸಧ್ಯಾ ಅದರಾಗ ಚಾ ಕುಡಿಯಾಕ ಹತ್ಯಾನ.