ವಿಕಿರಣಶೀಲ ತ್ಯಾಜ್ಯದ ಗಾಜೀಕರಣ ಮತ್ತು ನಿಕ್ಷಾಲನ ಪರೀಕ್ಷೆ

ಪರಮಾಣು ಇಂಧನದ ಮರುಸಂಸ್ಕರಣೆಯಲ್ಲಿ ಉಳಿಯುವ ತೀವ್ರ ವಿಕಿರಣಶೀಲ ದ್ರವವನ್ನು ಗಾಜಿನಲ್ಲಿ ಬೆರೆಸಿ ಕರಗಿಸಿ, ಘನರೂಪಕ್ಕೆ ತರುವ ವಿಧಾನವೇ ಗಾಜೀಕರಣ. ಘನದೊಳಗಿನ ಧಾತುಗಳು ನೀರಿಗೆ ಬಿಡುಗಡೆಯಾಗುವುದನ್ನು ನಿಕ್ಷಾಲನ ಎನ್ನುತ್ತಾರೆ. ನೆಲದಾಳದಲ್ಲಿ ಹೂತಿಟ್ಟ ತ್ಯಾಜ್ಯ ಮತ್ತೆ ಜೀವಲೋಕವನ್ನು ಸೇರಲು ಇರುವ ಮುಖ್ಯ ದಾರಿ ಅಂತರ್ಜಲ. ಆದಕಾರಣ ಯಾವುದೇ ಘನರೂಪದ ಯೋಗ್ಯತೆಯನ್ನು ನಿರ್ಧರಿಸುವಾಗ ನಿಕ್ಷಾಲನ ಪರೀಕ್ಷೆಗೆ ಮೊದಲ ಸ್ಥಾನ.

1940ರ ದಶಕದಲ್ಲಿ ಪ್ಲುಟೋನಿಯಂ ತಯಾರಿಕೆ ಆರಂಭವಾದಾಗ ತ್ಯಾಜ್ಯವನ್ನು ದ್ರವವಾಗಿಯೇ ಇಡಲಾಗುತ್ತಿತ್ತು. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಇದಕ್ಕಾಗಿ ನೆಲದಡಿ ಕಟ್ಟಿದ ಒಂಟಿ ಗೋಡೆಯ 149 ಉಕ್ಕಿನ ತೊಟ್ಟಿಗಳ ಪೈಕಿ ಹಲವು ಕಾಲಕ್ರಮದಲ್ಲಿ ಸೋರಿದವು. ತ್ಯಾಜ್ಯದಲ್ಲಿರುವ ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90ರ ಅರ್ಧಾಯುಷ್ಯ ಸುಮಾರು 30 ವರ್ಷ, ಪ್ಲುಟೋನಿಯಂ-239ರದು ಸುಮಾರು 24,000 ವರ್ಷ. ಇಷ್ಟು ಕಾಲ ಬಾಳುವ ತೊಟ್ಟಿ ಇಲ್ಲದ್ದರಿಂದ ಘನೀಕರಣ ಅನಿವಾರ್ಯವಾಯಿತು.

ಈ ದಿಸೆಯಲ್ಲಿ ಮೊದಲ ಮಹತ್ವದ ಪ್ರಯೋಗ ಕೆನಡಾದ ಚಾಕ್ ರಿವರ್‌ನಲ್ಲಿ ನಡೆಯಿತು. ಅಲ್ಲಿನ ವಿಜ್ಞಾನಿಗಳು ನೆಫೆಲಿನ್ ಸಯನೈಟ್ ಶಿಲೆಯ ಪುಡಿಗೆ ಸುಣ್ಣ ಮತ್ತು ಆಮ್ಲೀಯ ತ್ಯಾಜ್ಯ ಸೇರಿಸಿ, ಮಣ್ಣಿನ ಮೂಸೆಗಳಲ್ಲಿ ಸುಮಾರು 1350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಲಾ 2 ಕಿಲೋಗ್ರಾಂ ತೂಕದ ಗಾಜಿನ ಗಟ್ಟಿಗಳನ್ನು ಮಾಡಿದರು. 1958ರಲ್ಲಿ 25 ಗಟ್ಟಿಗಳನ್ನೂ 1960ರಲ್ಲಿ ಇನ್ನಷ್ಟು ವಿಕಿರಣಶೀಲವಾದ 25 ಗಟ್ಟಿಗಳನ್ನೂ ಯಾವ ಹೊದಿಕೆಯೂ ಇಲ್ಲದೆ, ಅಂತರ್ಜಲ ಮಟ್ಟಕ್ಕಿಂತ ಕೆಳಗಿನ ಮರಳಿನಲ್ಲಿ ಹೂಳಲಾಯಿತು. ಸುತ್ತಲಿನ ನೀರಿಗೆ ಸೇರಿದ ಸ್ಟ್ರಾನ್ಷಿಯಂ ಅನ್ನು ವರ್ಷಗಟ್ಟಲೆ ಅಳೆದಾಗ, ಆರಂಭದಲ್ಲಿ ಹೆಚ್ಚಿದ್ದ ಬಿಡುಗಡೆಯ ದರ ಬರಬರುತ್ತ ತೀರ ಕಡಿಮೆಯಾದದ್ದು ಕಂಡುಬಂತು.

ಮುಂದೆ ಬಹುಪಾಲು ದೇಶಗಳು ಬೋರೋಸಿಲಿಕೇಟ್ ಗಾಜನ್ನು ಆರಿಸಿಕೊಂಡವು. ಅದು ಸುಮಾರು 1100 ಡಿಗ್ರಿಯಲ್ಲೇ ಕರಗುವುದರಿಂದ ಸೀಸಿಯಂ ಆವಿಯಾಗಿ ಹೋಗುವುದು ಕಡಿಮೆ. ಹತ್ತಾರು ಬಗೆಯ ಧಾತುಗಳನ್ನು ಅದು ತನ್ನ ರಚನೆಯಲ್ಲೇ ಸೇರಿಸಿಕೊಳ್ಳುತ್ತದೆ. ಫ್ರಾನ್ಸ್‌ನ ಮಾರ್ಕೂಲ್‌ನಲ್ಲಿ 1978ರಲ್ಲಿ ಕೈಗಾರಿಕಾ ಪ್ರಮಾಣದ ಸ್ಥಾವರ ಆರಂಭವಾಯಿತು. ಅಲ್ಲಿ ತಿರುಗುವ ಕೊಳವೆಯಲ್ಲಿ ದ್ರವವನ್ನು ಒಣಗಿಸಿ ಪುಡಿಯಾಗಿಸಿ, ಗಾಜಿನೊಡನೆ ಕರಗಿಸಿ, ಸ್ಟೇನ್‌ಲೆಸ್ ಉಕ್ಕಿನ ಡಬ್ಬಿಗಳಿಗೆ ಸುರಿಯುತ್ತಿದ್ದರು. ಇದೇ ತಂತ್ರವನ್ನು ಫ್ರಾನ್ಸ್‌ನ ಲಾ ಹೇಗ್ ಮತ್ತು ಬ್ರಿಟನ್ನಿನ ಸೆಲ್ಲಾಫೀಲ್ಡ್ ಅನುಸರಿಸಿದವು. ಲಾ ಹೇಗ್‌ನ ಒಂದು ಡಬ್ಬಿ ಸುಮಾರು 400 ಕಿಲೋಗ್ರಾಂ ಗಾಜು ಹಿಡಿಯುತ್ತದೆ. ಅಮೆರಿಕದ ಸವಾನಾ ರಿವರ್ ಸ್ಥಾವರ 1996ರಲ್ಲಿ ಕೆಲಸ ಆರಂಭಿಸಿತು. ಭಾರತದಲ್ಲಿ ತಾರಾಪುರ, ಟ್ರಾಂಬೆ ಮತ್ತು ಕಲ್ಪಾಕ್ಕಂಗಳಲ್ಲಿ ಗಾಜೀಕರಣ ಸ್ಥಾವರಗಳಿವೆ. ಟ್ರಾಂಬೆಯ ತ್ಯಾಜ್ಯದಲ್ಲಿದ್ದ ಸಲ್ಫೇಟ್ ಸಾಮಾನ್ಯ ಬೋರೋಸಿಲಿಕೇಟ್‌ನಲ್ಲಿ ಬೆರೆಯದೆ ಬೇರೆ ಪದರವಾಗಿ ನಿಲ್ಲುತ್ತಿದ್ದುದರಿಂದ, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬೇರಿಯಂ ಸೇರಿಸಿದ ಗಾಜನ್ನು ರೂಪಿಸಿತು.

ಪರ್ಯಾಯಗಳೂ ಬಂದವು. 1978ರಲ್ಲಿ ಆಸ್ಟ್ರೇಲಿಯದ ಭೂವಿಜ್ಞಾನಿ ಟೆಡ್ ರಿಂಗ್‌ವುಡ್, ಪ್ರಕೃತಿಯಲ್ಲಿ ದೀರ್ಘಕಾಲ ಉಳಿದ ಖನಿಜಗಳನ್ನು ಹೋಲುವ ಕೃತಕ ಶಿಲೆ ‘ಸಿನ್ರಾಕ್’ ಅನ್ನು ಪ್ರಸ್ತಾಪಿಸಿದರು. ಕಡಿಮೆ ಮತ್ತು ಮಧ್ಯಮ ತೀವ್ರತೆಯ ತ್ಯಾಜ್ಯಕ್ಕೆ ಸಿಮೆಂಟ್ ಹಾಗೂ ಬಿಟುಮೆನ್ ಬಳಕೆಗೆ ಬಂದವು. ನೀರನ್ನು ಚೆನ್ನಾಗಿ ತಡೆದರೂ ಬಿಟುಮೆನ್ ಬೆಂಕಿಗೆ ಈಡಾಗಬಲ್ಲದು. 1997ರಲ್ಲಿ ಜಪಾನಿನ ತೊಕೈ ಸ್ಥಾವರದಲ್ಲಿ ಅದರಿಂದ ಬೆಂಕಿ, ಸ್ಫೋಟ ಸಂಭವಿಸಿದವು.

ಆರಂಭದಲ್ಲಿ ಪ್ರತಿ ಪ್ರಯೋಗಾಲಯವೂ ತನ್ನದೇ ರೀತಿಯಲ್ಲಿ ಪರೀಕ್ಷಿಸುತ್ತಿದ್ದುದರಿಂದ ಫಲಿತಾಂಶಗಳನ್ನು ಹೋಲಿಸಲಾಗುತ್ತಿರಲಿಲ್ಲ. 1971ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪತ್ರಿಕೆಯಲ್ಲಿ ಇ. ಡಿ. ಹೆಸ್ಪೆ ಒಂದು ಏಕರೂಪ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಮಾದರಿ ಮುಳುಗಿರುವ ನೀರನ್ನು ಮೊದಲು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಬದಲಿಸಿ ವಿಶ್ಲೇಷಿಸಬೇಕು. ಅನಂತರ ಅಮೆರಿಕದಲ್ಲಿ ಎಂಸಿಸಿ-1 ಪರೀಕ್ಷೆ ರೂಪುಗೊಂಡಿತು: ಗಾಜಿನ ತುಂಡನ್ನು ಟೆಫ್ಲಾನ್ ಪಾತ್ರೆಯ ನಿಂತ ನೀರಿನಲ್ಲಿ ಸಾಮಾನ್ಯವಾಗಿ 90 ಡಿಗ್ರಿಯಲ್ಲಿ 28 ದಿನ ಇಡುವುದು. ಪಿಸಿಟಿ ಎಂಬ ಪರೀಕ್ಷೆ ಗಾಜನ್ನು ಪುಡಿಮಾಡಿ 7 ದಿನದಲ್ಲೇ ಫಲಿತಾಂಶ ಕೊಡುತ್ತದೆ. ಗಾಜು ಇದರಲ್ಲಿ ತೇರ್ಗಡೆಯಾಗಲು, ನೀರಿಗೆ ಸೇರಿದ ಬೋರಾನ್, ಸೋಡಿಯಂ, ಲಿಥಿಯಂಗಳ ಪ್ರಮಾಣ ಹೋಲಿಕೆಗೆಂದು ಗೊತ್ತುಮಾಡಿದ ಒಂದು ಆಧಾರ ಗಾಜಿನಿಂದ ಸೇರುವುದಕ್ಕಿಂತ ಕಡಿಮೆಯಿರಬೇಕು.

ಈ ಅಲ್ಪಾವಧಿ ಪರೀಕ್ಷೆಗಳು ಗಾಜಿನ ಗುಣಮಟ್ಟವನ್ನು ಹೇಳುತ್ತವೆಯೇ ಹೊರತು ಸಾವಿರಾರು ವರ್ಷಗಳ ಭವಿಷ್ಯವನ್ನು ನೇರವಾಗಿ ಹೇಳುವುದಿಲ್ಲ. ಅದಕ್ಕೆ ಕ್ರಿಯೆಯ ಒಳಗುಟ್ಟು ತಿಳಿಯಬೇಕು. ಮೊದಲು ಗಾಜಿನ ಸೋಡಿಯಂ ಹೊರಬಂದು ಆ ಜಾಗಕ್ಕೆ ನೀರಿನ ಹೈಡ್ರೋಜನ್ ಸೇರುತ್ತದೆ. ಬಳಿಕ ಸಿಲಿಕಾದ ಜಾಲ ಒಡೆಯುತ್ತದೆ. ನಿಂತ ನೀರಿನಲ್ಲಿ ಸಿಲಿಕಾ ತುಂಬಿ, ಮೇಲ್ಮೈಯಲ್ಲಿ ರಕ್ಷಕ ಲೋಳೆಪದರ ಮೂಡಿದಾಗ ದರ ಆರಂಭಿಕ ಮಟ್ಟದ ಹತ್ತು ಸಾವಿರದ ಒಂದು ಭಾಗದಷ್ಟಕ್ಕೆ ಇಳಿಯಬಲ್ಲದು. ಆದರೆ ಕ್ಷಾರೀಯ ನೀರಿನಲ್ಲಿ ಜಿಯೊಲೈಟ್ ಹರಳುಗಟ್ಟಿದರೆ ದರ ಮತ್ತೆ ಏರುವುದುಂಟು. ಇಂಥ ನಿರೂಪಣೆಗಳನ್ನು ಒರೆಗೆ ಹಚ್ಚಲು ಬಸಾಲ್ಟ್ ಗಾಜನ್ನೂ ಮೆಡಿಟರೇನಿಯನ್‌ನಲ್ಲಿ ಮುಳುಗಿ ಸುಮಾರು 1800 ವರ್ಷ ಕಳೆದ ರೋಮನ್ ಹಡಗಿನ ಗಾಜನ್ನೂ ಅಧ್ಯಯನ ಮಾಡಲಾಗಿದೆ. ಗಾಜು ಅಂತಿಮ ಪರಿಹಾರವಲ್ಲ. ಉಕ್ಕಿನ ಡಬ್ಬಿ, ಜೇಡಿಮಣ್ಣು, ಶಿಲಾಸ್ತರಗಳ ಜೊತೆಗೂಡಿ ಕೆಲಸ ಮಾಡುವ ತಡೆಗಳ ಸಾಲಿನಲ್ಲಿ ಅದು ಮೊದಲನೆಯದು.