ರ‍್ಯಾಲಿ ಕಾರಿನ ಎಂಜಿನ್: ಗಾಳಿ ಮತ್ತು ಬಿಸಿಯ ನಿರ್ವಹಣೆ

ಎಂಜಿನ್ ಓಡಲು ಪೆಟ್ರೋಲ್ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹೀಗೆ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸ್ಥೂಲವಾಗಿ ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಬಿಸಿಯಾಗಿ ಸೈಲೆನ್ಸರ್ ಹಾಗೂ ರೇಡಿಯೇಟರ್ ಮೂಲಕ ಹೊರಹೋಗುತ್ತದೆ. ರ‍್ಯಾಲಿ ಕಾರಿನ ಇಕ್ಕಟ್ಟಾದ ಬಾನೆಟ್ಟಿನೊಳಗೆ ಈ ಬಿಸಿಯೇ ಒಳಬರುವ ಗಾಳಿಯನ್ನು ಕೆಡಿಸುತ್ತದೆ. ಆದ್ದರಿಂದ ಗಾಳಿ ಮತ್ತು ಬಿಸಿ ಎರಡನ್ನೂ ಒಟ್ಟಿಗೇ ನಿಭಾಯಿಸಬೇಕಾಗುತ್ತದೆ.

ಗಾಳಿಗೆ ಮಿತಿ

ಕಾರುಗಳ ವೇಗ ಮಿತಿಮೀರಬಾರದೆಂದು ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ (ಎಫ್‌ಐಎ) ಟರ್ಬೊ ಎಂಜಿನ್‌ಗಳಿಗೆ ರಿಸ್ಟ್ರಿಕ್ಟರ್ ಕಡ್ಡಾಯ ಮಾಡಿದೆ. ಇದು ಟರ್ಬೊದ ಮುಂದೆ ಕೂರಿಸುವ ಕಿರಿದಾದ ಕೊರಳು. ಎಂಜಿನ್‌ಗೆ ಬೇಕಾದ ಗಾಳಿಯೆಲ್ಲ ಇದರ ಮೂಲಕವೇ ಹೋಗಬೇಕು. ಕೊರಳಿನಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಟರ್ಬೊ ಎಷ್ಟೇ ಎಳೆದರೂ ಹೆಚ್ಚು ಗಾಳಿ ಬರುವುದಿಲ್ಲ. 34 ಮಿಲಿಮೀಟರ್ ಕೊರಳಿನಲ್ಲಿ ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸುಮಾರು 200 ಗ್ರಾಂ ಗಾಳಿ ಮಾತ್ರ ಹಾಯಬಲ್ಲದು.

ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ 1995ರಲ್ಲಿ ಈ ಅಳತೆಯನ್ನು 34 ಮಿ.ಮೀ.ಗೆ ಇಳಿಸಲಾಯಿತು. 2017ರಲ್ಲಿ ಅದು 36 ಮಿ.ಮೀ. ಆಯಿತು. 2025ರಲ್ಲಿ ಹೈಬ್ರಿಡ್ ವ್ಯವಸ್ಥೆಯನ್ನು ತೆಗೆದಾಗ 35 ಮಿ.ಮೀ.ಗೆ ಬಂತು.

1995ರ ಟೊಯೊಟಾ ಪ್ರಕರಣ

ಒಂದಿಷ್ಟು ಗಾಳಿಯ ಬೆಲೆ ಎಷ್ಟೆಂಬುದಕ್ಕೆ ಈ ಪ್ರಕರಣವೇ ಸಾಕ್ಷಿ. 1995ರ ಸ್ಪೇನ್‌ನ ಕ್ಯಾಟಲೋನಿಯಾ ರ‍್ಯಾಲಿಯಲ್ಲಿ ಟೊಯೊಟಾ ಸೆಲಿಕಾ ಕಾರುಗಳ ರಿಸ್ಟ್ರಿಕ್ಟರ್ ಅಕ್ರಮವೆಂದು ಕಂಡುಬಂತು. ಕೊಳವೆಯನ್ನು ಜೋಡಿಸಿದಾಗ ರಿಸ್ಟ್ರಿಕ್ಟರ್ ಸುಮಾರು 5 ಮಿ.ಮೀ. ಸರಿದು, ಪಕ್ಕದ ಸಂದಿನಿಂದಲೂ ಗಾಳಿ ನುಗ್ಗುತ್ತಿತ್ತು. ತಪಾಸಣೆಗೆಂದು ಕೊಳವೆ ಬಿಚ್ಚಿದರೆ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಆಗಿನ ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಅವರೇ ಇದರ ಜಾಣ್ಮೆಗೆ ಬೆರಗಾಗಿದ್ದರು. ಆದರೂ ಶಿಕ್ಷೆ ತಪ್ಪಲಿಲ್ಲ. ತಂಡವೂ ಅದರ ಚಾಲಕರೂ ಆ ವರ್ಷದ ಅಂಕಗಳನ್ನು ಕಳೆದುಕೊಂಡರು, ತಂಡಕ್ಕೆ ಒಂದು ವರ್ಷದ ನಿಷೇಧ ಬಿತ್ತು. ಪ್ರಶಸ್ತಿ ಸುಬಾರು ತಂಡದ ಕಾಲಿನ್ ಮೆಕ್‌ರೇ ಅವರ ಪಾಲಾಯಿತು.

ಬಿಸಿಯ ಮೂಲ

ಟರ್ಬೊ ಗಾಳಿಯನ್ನು ಒತ್ತಿದಾಗ, ಸೈಕಲ್ ಪಂಪ್ ಬಿಸಿಯಾಗುವ ಹಾಗೆ, ಆ ಗಾಳಿಯ ತಾಪ 100 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿ ಗಾಳಿ ಸಿಲಿಂಡರ್ ಸೇರಿದರೆ ಪೆಟ್ರೋಲ್ ಅಂಕೆ ತಪ್ಪಿ ಉರಿದು ನಾಕಿಂಗ್ ಆಗುತ್ತದೆ. ಪಿಸ್ಟನ್ ಉಳಿಸಲು ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಆಗ ಶಕ್ತಿ ಇಳಿಯುತ್ತದೆ.

ಇದರ ಜೊತೆಗೆ ಆಂಟಿ-ಲ್ಯಾಗ್ ವ್ಯವಸ್ಥೆ ಇದೆ. ಚಾಲಕ ಆಕ್ಸಿಲರೇಟರ್ ಬಿಟ್ಟಾಗಲೂ ಟರ್ಬೊ ತಿರುಗುತ್ತಿರಲೆಂದು ಸ್ವಲ್ಪ ಇಂಧನವನ್ನು ಎಕ್ಸಾಸ್ಟ್ ಕೊಳವೆಯಲ್ಲೇ ಉರಿಸಲಾಗುತ್ತದೆ. ಇದರಿಂದ ಟರ್ಬೊ ಕೆಂಡದಂತೆ ಕೆಂಪಾಗುತ್ತದೆ.

ತಂಪಾಗಿಡುವ ಬಗೆ

* ಗಾಳಿಯನ್ನು ಬಾನೆಟ್ಟಿನೊಳಗಿನಿಂದ ಎಳೆಯದೆ, ಮುಚ್ಚಿದ ಕೊಳವೆಯ ಮೂಲಕ ಹೊರಗಿನಿಂದಲೇ ತರಲಾಗುತ್ತದೆ.
* ಟರ್ಬೊದಿಂದ ಹೊರಟ ಗಾಳಿ ಇಂಟರ್‌ಕೂಲರ್‌ನಲ್ಲಿ ಹಾದು ತಣ್ಣಗಾಗುತ್ತದೆ.
* ರೇಡಿಯೇಟರ್ ಸುತ್ತಲಿನ ಸಂದುಗಳನ್ನು ಮುಚ್ಚುತ್ತಾರೆ. ಇಲ್ಲದಿದ್ದರೆ ಗಾಳಿ ರೇಡಿಯೇಟರ್ ಒಳಗೆ ಹಾಯದೆ ಪಕ್ಕದಿಂದ ಜಾರಿಹೋಗುತ್ತದೆ.
* ಬಿಸಿ ಗಾಳಿ ಹೊರಹೋಗಲು ಬಾನೆಟ್ ಮೇಲೆ ಕಿಂಡಿಗಳಿರುತ್ತವೆ. ಒಳಗೆ ಬಂದ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಇದ್ದರೂ ಪ್ರಯೋಜನವಿಲ್ಲ.
* ಟರ್ಬೊ ಮತ್ತು ಎಕ್ಸಾಸ್ಟ್ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತುತ್ತಾರೆ.

ವೇಗ ಕಡಿಮೆಯಿರುವ ತಿರುವಿನ ದಾರಿಗಳಲ್ಲಿ ಕಾರಿಗೆ ಎದುರುಗಾಳಿ ಸಾಲದು. 2010ರ ದಶಕದಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದ ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳು ಇಂಥವು. ಇಲ್ಲಿ ವಿದ್ಯುತ್ ಫ್ಯಾನ್‌ಗಳೇ ಆಧಾರ.

ದೂಳು, ನೀರು, ಎತ್ತರ

1953ರಲ್ಲಿ ಪೂರ್ವ ಆಫ್ರಿಕಾದಲ್ಲಿ ಆರಂಭವಾದ ಸಫಾರಿ ರ‍್ಯಾಲಿ ಈ ಮೂರೂ ಕಷ್ಟಗಳ ಪರೀಕ್ಷೆ. 2002ರ ನಂತರ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗುಳಿದಿದ್ದ ಅದು 2021ರಲ್ಲಿ ಕೆನ್ಯಾದ ನೈವಾಶಾ ಕೇಂದ್ರವಾಗಿ ಮರಳಿತು. ಹಿಟ್ಟಿನಂತಹ ನುಣ್ಣನೆಯ ದೂಳನ್ನು ಅಲ್ಲಿ ಫೆಶ್-ಫೆಶ್ ಎನ್ನುತ್ತಾರೆ. ಅದು ಏರ್ ಫಿಲ್ಟರ್ ಕಟ್ಟಿದರೆ ಎಂಜಿನ್ ಉಸಿರುಗಟ್ಟುತ್ತದೆ. ಫಿಲ್ಟರ್ ದಾಟಿ ಒಳಹೊಕ್ಕರೆ ಸಿಲಿಂಡರ್ ಸವೆಯುತ್ತದೆ. ಹಳ್ಳ ದಾಟುವಾಗ ನೀರು ಒಳಹೋದರೆ ಇನ್ನೂ ಅಪಾಯ. ನೀರನ್ನು ಗಾಳಿಯಂತೆ ಒತ್ತಲಾಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಅದಕ್ಕಾಗಿಯೇ ಸಫಾರಿ ಕಾರುಗಳಲ್ಲಿ ಗಾಳಿಯ ಕೊಳವೆಯನ್ನು ಮುಂಗಾಜಿನ ಪಕ್ಕ ಚಾವಣಿಯ ಎತ್ತರಕ್ಕೆ ಏರಿಸುತ್ತಿದ್ದರು. 1999ರಲ್ಲಿ ಮೆಕ್‌ರೇ ಗೆದ್ದ ಫೋರ್ಡ್ ಫೋಕಸ್ ಕಾರಿನಲ್ಲೂ ಇಂಥ ಕೊಳವೆ ಇತ್ತು.

ನೈವಾಶಾ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ 20ರಷ್ಟು ಕಡಿಮೆ. ಅದೇ ಕೊರಳಿನಲ್ಲಿ ಹಾಯುವ ಗಾಳಿಯೂ ಅಷ್ಟೇ ಕಡಿಮೆ, ಬಿಸಿ ಹೊತ್ತೊಯ್ಯುವ ಗಾಳಿಯೂ ತೆಳು.

ದಿನಬಳಕೆಯ ವಾಹನಕ್ಕೂ ಇದೇ ಪಾಠ

ಟ್ರ್ಯಾಕ್ಟರ್ ಬಾನೆಟ್ ಮೇಲೆ ಎತ್ತರಕ್ಕೆ ನಿಲ್ಲುವ ಗಾಳಿ ಕೊಳವೆಯ ಉದ್ದೇಶವೂ ನೆಲದ ದೂಳಿನಿಂದ ದೂರವಿರುವುದೇ. ಟರ್ಬೊ ಇರುವ ಜೀಪು, ಲಾರಿಗಳನ್ನು ಘಾಟಿ ಏರಿ ಬಂದ ತಕ್ಷಣ ಆಫ್ ಮಾಡಬಾರದು. ಎಣ್ಣೆಯ ಹರಿವು ನಿಂತರೆ ಕಾದ ಟರ್ಬೊದಲ್ಲಿ ಉಳಿದ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟು ನಂತರ ಆಫ್ ಮಾಡುವುದು ಒಳ್ಳೆಯದು. ಕುದಿಯುತ್ತಿರುವ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ನೀರು ಚಿಮ್ಮಿ ಮುಖ, ಕೈ ಸುಡುತ್ತದೆ.